ಹಂಚಿ ಚಂದ್ರಲೋಕಕ್ಕೆ ಹೋದರೆ

ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಊರಹಬ್ಬಕ್ಕೆ ರಾತ್ರಿ ‘ಕುರುಕ್ಷೇತ್ರ’ ನಾಟಕ. ಸೀನರಿಯ ಲಾರಿ ಮಧ್ಯಾಹ್ನವೇ ಬಂದಿದೆ. ಶಾಲೆ ಬಯಲಲ್ಲಿ ಪರದೆ ಕಟ್ಟುವ ಗಲಾಟೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಇಬ್ಬರು ಕೂತಿದ್ದಾರೆ. ಒಬ್ಬರು ನಾಗಮಂಗಲದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ದೊಡ್ಡಮ್ಮ. ಇನ್ನೊಬ್ಬಳು ಅವರ ತಂಗಿಯ ಮಗಳು, ಶ್ರೀರಂಗಪಟ್ಟಣದಲ್ಲಿ ಡಿಗ್ರಿ ಓದುತ್ತಿರುವವಳು. ಹುಡುಗಿಯ ಮಗ್ಗುಲಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬೋರಲು ಮಲಗಿದೆ.

ದೊಡ್ಡಮ್ಮ: ಬೆಳಗ್ಗೆಯಿಂದ ಅದರಿಂದ ತಲೆ ಎತ್ತಿಲ್ಲ ನೀನು. ಏನಿದೆ ಕಣೆ ಅದರಲ್ಲಿ?

ಹುಡುಗಿ: ಸಿಂಡ್ರೆಲಾ ಕಥೆ ದೊಡ್ಡಮ್ಮ. ಅಮೆರಿಕದ ಮರಿಸ್ಸಾ ಮೆಯರ್ ಅನ್ನೋ ಲೇಖಕಿ ಬರೆದದ್ದು, 2012ರಲ್ಲಿ ಬಂತು. ‘ಸಿಂಡರ್’ ಅಂತ ಹೆಸರು. ಮುಂದೆ ಯಾವುದೋ ಕಾಲದಲ್ಲಿ, ಹೊಸ ಬೀಜಿಂಗ್ ಅನ್ನೋ ಪಟ್ಟಣದಲ್ಲಿ ನಡೆಯೋ ಕಥೆ. ಹುಡುಗಿ ಸಂತೆಬೀದೀಲಿ ಯಂತ್ರ ರಿಪೇರಿ ಅಂಗಡಿ ಇಟ್ಟಿರ್ತಾಳೆ. ಅವಳದ್ದು ಒಂದು ಕೈ, ಒಂದು ಪಾದ ಲೋಹದ್ದು. ಕಥೆ ಶುರುವಾಗೋದೇ ತುಕ್ಕು ಹಿಡಿದ ತನ್ನ ಪಾದದ ಸ್ಕ್ರೂ ಬಿಚ್ಚೋ ಒದ್ದಾಟದಿಂದ.

ದೊಡ್ಡಮ್ಮ: ಹಂಗಾದ್ರೆ ಗಾಜಿನ ಚಪ್ಪಲಿ ಎಲ್ಲಿ ಹೋಯ್ತು?

ಹುಡುಗಿ: ಮಜಾ ಇರೋದೇ ಅಲ್ಲಿ! ಇಲ್ಲಿ ಚಪ್ಪಲಿ ಬೀಳಲ್ಲ, ಪಾದಾನೇ ಕಳಚಿ ಅರಮನೆ ಮೆಟ್ಟಿಲ ಮೇಲೆ ಬೀಳುತ್ತೆ. ಹೊಸ ಪಾದವನ್ನ ಮಲತಾಯಿ ಕಿತ್ತುಕೊಂಡಿರ್ತಾಳೆ, ಚಿಕ್ಕವಳಾಗಿದ್ದಾಗ ಹಾಕಿದ ಸಣ್ಣ ಪಾದ ಸಿಕ್ಕಿಸಿಕೊಂಡು ಹೋಗಿರ್ತಾಳೆ. ಕುಂಬಳಕಾಯಿ ರಥ ಇಲ್ಲ, ಗುಜರಿಯಲ್ಲಿ ಸಿಕ್ಕಿದ ಕಿತ್ತಳೆ ಬಣ್ಣದ ಪೆಟ್ರೋಲ್ ಕಾರು. ‘ಇದು ಎಲ್ಲಿ ಬರುತ್ತೆ, ಅದು ಎಲ್ಲಿ ಬರುತ್ತೆ’ ಅಂತ ಕಾಯ್ತಾ ಓದ್ತೀನಿ. ಸಿಕ್ಕಿದಾಗ ಯಾರನ್ನಾದ್ರೂ ಕರೆದು ಹೇಳಬೇಕು ಅನ್ಸುತ್ತೆ. ಇನ್ನೂ ಮೂರು ಪುಸ್ತಕ ಇವೆ. ಒಂದರಲ್ಲಿ ಉದ್ದ ಕೂದಲಿನ ರಪುಂಜೆಲ್ ಗೋಪುರದ ಬದಲು ಉಪಗ್ರಹದಲ್ಲಿ ಸೆರೆ. ಇನ್ನೊಂದರಲ್ಲಿ ಕೆಂಪು ಟೋಪಿ ಹುಡುಗಿಯ ತೋಳ ಒಬ್ಬ ಸೈನಿಕ, ವಂಶವಾಹಿ ತಿದ್ದಿ ಮಾಡಿದವನು.

ದೊಡ್ಡಮ್ಮ: ಗೊತ್ತಿರೋ ಕಥೆಗೆ ಹೊಸ ಅಂಗಿ ತೊಡಿಸಿ ಮಾರೋದು. ಅದಕ್ಕೆ ನಾಲ್ಕು ಪುಸ್ತಕ ಬೇಕಾ?

ಹುಡುಗಿ: ನೀನು ಇವತ್ತು ನಾಗಮಂಗಲದಿಂದ ಬಸ್ಸು ಹತ್ತಿ ಬಂದದ್ದು ಯಾತಕ್ಕೆ? ದುರ್ಯೋಧನ ಕೊನೆಗೆ ಏನಾಗ್ತಾನೆ ಅಂತ ತಿಳಿಯೋಕಾ?

ದೊಡ್ಡಮ್ಮ: ಅದು ಬೇರೆ ಕಣವ್ವ. ಯಾರು ದುರ್ಯೋಧನ ಕಟ್ಟಿದ್ದಾರೆ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಏರಿಸಿದಾಗ ದನಿ ನಿಲ್ಲುತ್ತಾ, ಕೃಷ್ಣನ ಮುಂದೆ ಗದೆ ಎತ್ತಿದಾಗ ಕಣ್ಣಲ್ಲಿ ಆ ಸೊಕ್ಕು ಬರುತ್ತಾ, ಅದನ್ನ ನೋಡೋಕೆ ಬರೋದು. ನಿನ್ನೆವರೆಗೂ ಟ್ರ್ಯಾಕ್ಟರ್ ಓಡಿಸ್ತಿದ್ದ ನಮ್ಮೂರ ಹುಡುಗ ಆ ಕಥೆಯೊಳಗೆ ನಿಲ್ತಾನಾ ಅಂತ.

ಹುಡುಗಿ: ನಾನೂ ಅದನ್ನೇ ನೋಡೋದು. ಲೋಹದ ಕಾಲಿನವಳು ಆ ಕಥೆಯೊಳಗೆ ನಿಲ್ತಾಳಾ ಅಂತ.

ದೊಡ್ಡಮ್ಮ: ಆಯ್ತು, ಅಷ್ಟು ಒಪ್ಪಿದೆ. ನನ್ನ ತಕರಾರು ಬೇರೆ ಕಡೆ ಇದೆ. ನಮ್ಮ ಹೂವಿನ ಮರದ ಹುಡುಗಿ ಕಥೆ ತಗೋ. ಒಂದು ಬಿಂದಿಗೆ ನೀರು ಹೊಯ್ದರೆ ಹುಡುಗಿ ಮರವಾಗ್ತಾಳೆ, ಹೂ ಕೊಯ್ದು ಇನ್ನೊಂದು ಬಿಂದಿಗೆ ಹೊಯ್ದರೆ ಮತ್ತೆ ಹುಡುಗಿ. ಹೆಂಗೆ ಅಂತ ಕೇಳೋ ಹಾಗಿಲ್ಲ. ಕೇಳದೇ ಇರೋದರಿಂದಲೇ ಕೊಂಬೆ ಮುರಿದಾಗ ನಮ್ಮ ಮೈಯಲ್ಲೇ ಏನೋ ಮುರಿದ ಹಾಗಾಗುತ್ತೆ. ನಿನ್ನ ಪುಸ್ತಕದವರು ಎಲ್ಲದಕ್ಕೂ ಚಿಪ್, ರೋಗಾಣು, ವಂಶವಾಹಿ ಅಂತ ಕಾರಣ ಕೊಡ್ತಾರೆ. ಕಾರಣ ಬಂದ ಗಳಿಗೆಗೆ ಬೆರಗು ಎದ್ದು ಹೋಗುತ್ತೆ.

ಹುಡುಗಿ: ಕಾರಣ ಬಂದ ಗಳಿಗೆಗೆ ಹೊಣೆಯೂ ಬರುತ್ತೆ ದೊಡ್ಡಮ್ಮ. ಮಂತ್ರ, ಶಾಪ ಅಂದುಬಿಟ್ರೆ ಯಾರನ್ನೂ ಹಿಡಿದು ಕೇಳೋ ಹಾಗಿಲ್ಲ. ತಲಕಾಡು ಮರಳಾದದ್ದು ಅಲಮೇಲಮ್ಮನ ಶಾಪ ಅಂತೀವಿ. ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಆ ಶಾಪದ ಹಿಂದೆ ಇರೋ ಪರಿಸರದ ಕಾರಣ ಹುಡುಕಿ ವಿಜ್ಞಾನ ಪತ್ರಿಕೆಗೇ ಬರೆದ್ರು. ಹೊಳೆಗೆ ಕಟ್ಟೆ ಕಟ್ಟಿದ ಮೇಲೆ ನೀರು ತಗ್ಗಿ, ಬಯಲಾದ ಮರಳನ್ನ ಗಾಳಿ ಊರ ಮೇಲೆ ತಂದು ಸುರೀತು. ಅಂದ್ರೆ ಮನುಷ್ಯರು ಮಾಡಿದ ಕೆಲಸ. ಹಂಗೆ ಗೊತ್ತಾದ್ರೆ ಮುಂದಿನ ಕಟ್ಟೆ ಕಟ್ಟುವಾಗ ಒಂದು ಸಲ ಯೋಚನೆ ಮಾಡ್ತೀವಿ.

ದೊಡ್ಡಮ್ಮ: ಮರಳಿನ ಲೆಕ್ಕ ಸರಿ. ಆದ್ರೆ ಆ ಲೆಕ್ಕದಲ್ಲಿ ಅಲಮೇಲಮ್ಮ ಎಲ್ಲಿದ್ದಾಳೆ? 1610ರಲ್ಲಿ ನಿನ್ನ ಕಾಲೇಜಿರೋ ಅದೇ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿತು. ಅವಳ ಗಂಡನ ಅಧಿಕಾರ ಹೋಯ್ತು, ಆಮೇಲೆ ಒಡವೆಗೂ ಆಳುಗಳು ಬಂದ್ರು. ಅವಳು ಹೊಳೆಗೆ ಹಾರಿದಳು ಅಂತ ಕಥೆ. ಆ ಹೆಂಗಸಿನ ಸಿಟ್ಟಿಗೆ ನಾನೂರು ವರ್ಷ ಜಾಗ ಕೊಟ್ಟದ್ದು ಶಾಪದ ಕಥೆ ಕಣೆ. ಗಾಳಿಯ ದಿಕ್ಕು, ಮರಳಿನ ಕಣ, ಇವು ಕೊಡಲಿಲ್ಲ.

ಹುಡುಗಿ: ಎರಡೂ ಒಂದೇ ಪುಸ್ತಕದಲ್ಲಿ ಇರಬಾರದಾ? ಸಿಟ್ಟೂ ಇರಲಿ, ಗಾಳಿಯ ದಿಕ್ಕೂ ಇರಲಿ. ನನಗೆ ಇಷ್ಟವಾಗೋದು ಅಂಥ ಪುಸ್ತಕ.

ದೊಡ್ಡಮ್ಮ: ಇದ್ರೆ ನಾನೂ ಓದ್ತೀನಿ. ನನ್ನ ಹೊಟ್ಟೆಯುರಿ ಏನು ಗೊತ್ತಾ? ನಮ್ಮ ನಾಗಮಂಗಲ ತಾಲ್ಲೂಕಿನ ಮಣ್ಣಿನವರೇ ಇಬ್ಬರು, ಜೀ.ಶಂ. ಪರಮಶಿವಯ್ಯ ಮತ್ತು ಎಚ್.ಎಲ್. ನಾಗೇಗೌಡರು. ಒಬ್ಬರು ವಿಶ್ವವಿದ್ಯಾಲಯದ ಮೇಷ್ಟ್ರು, ಇನ್ನೊಬ್ಬರು ಸರ್ಕಾರದ ದೊಡ್ಡ ಅಧಿಕಾರಿ. ಹಾಡೋರು, ಕಥೆ ಹೇಳೋರು ಇರೋ ಕಡೆಗೆ ತಾವೇ ಹೋಗಿ ಹಾಡು, ಕಥೆ ಕೂಡಿಹಾಕಿದ್ರು. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕವನ್ನೇ ಕಟ್ಟಿದ್ರು. ಅಷ್ಟೆಲ್ಲ ಇಲ್ಲೇ ಇರುವಾಗ ನಮ್ಮ ಮಕ್ಕಳು ಕಥೆಗೆ ಅಮೆರಿಕದ ಬಾಗಿಲು ತಟ್ಟಬೇಕಾ?

ಹುಡುಗಿ: ಹಾಗೆ ಕೂಡಿಹಾಕಿದ ಕಥೆಗಳ ಒಂದು ಸಂಪುಟ ನಾನೂ ತೆಗೆದು ನೋಡಿದ್ದೀನಿ ದೊಡ್ಡಮ್ಮ. ಪಿಯುಸಿಯಲ್ಲಿದ್ದಾಗ. ಅಷ್ಟು ದಪ್ಪ, ಮೊದಲಿಗೇ ಉದ್ದ ಪ್ರಸ್ತಾವನೆ, ಕಥೆಯೊಳಗೆ ಹೋಗೋಕೆ ಆಗಲೇ ಇಲ್ಲ. ವಿದ್ವಾಂಸರು ಉಳಿಸಿಕೊಟ್ರು, ಅದು ದೊಡ್ಡ ಕೆಲಸವೇ. ಅಲ್ಲಿಂದ ಹದಿನಾರರ ಹುಡುಗಿಯ ಕೈಗೆ ತಲುಪಿಸೋ ಕೆಲಸ ಯಾರು ಮಾಡಿದ್ರು? ‘ಸಿಂಡರ್’ ಓದಿದ ಮೇಲೆ, ನಮ್ಮಲ್ಲೂ ಸಿಂಡ್ರೆಲಾ ಇದ್ದಾಳಾ ಅಂತ ಹುಡುಕಿದೆ. ಆಗ ಹಂಚಿ ಸಿಕ್ಕಿದಳು. ಎ.ಕೆ. ರಾಮಾನುಜನ್ ಅವಳನ್ನ ಕನ್ನಡದ ಸಿಂಡ್ರೆಲಾ ಅಂತಲೇ ಕರೆದು, 1982ರಲ್ಲಿ ಬಂದ ಒಂದು ಇಂಗ್ಲಿಷ್ ಪುಸ್ತಕಕ್ಕೆ ಬರೆದಿದ್ದಾರೆ. ಅಮೆರಿಕದ ಬಾಗಿಲು ತಟ್ಟಿದ್ದಕ್ಕೇ ನಮ್ಮ ಹಿತ್ತಿಲ ಬಾಗಿಲು ತೆರೀತು.

ದೊಡ್ಡಮ್ಮ: ಹಂಚಿ! ಆ ಕಥೆ ಪೂರ್ತಿ ಗೊತ್ತೇನೆ ನಿನಗೆ? ತಡಿ, ನಾನೇ ಹೇಳ್ತೀನಿ. ಒಬ್ಬ ಮುದುಕಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳದು ಚಿನ್ನದ ಕೂದಲು. ಒಂದು ದಿನ ಅಣ್ಣನೇ ಆ ಕೂದಲು ಕಂಡು ಮೋಹಗೊಂಡು, ಇವಳನ್ನೇ ನನಗೆ ಮದುವೆ ಮಾಡು ಅಂತ ತಾಯಿಯನ್ನ ಕಾಡ್ತಾನೆ. ತಾಯಿ ಬಾಯಿ ಮಾತಿಗೆ ಹೂಂ ಅಂದು, ಮದುವೆ ಸಾಮಾನು ತಾ ಅಂತ ಅವನನ್ನ ಆಚೆ ಊರಿಗೆ ಸಾಗಹಾಕ್ತಾಳೆ. ಕುಂಬಾರನ ಹತ್ತಿರ ಓಡ್ತಾಳೆ, ಮಗಳ ಮುಖದ ಅಳತೆಗೆ ಮಣ್ಣಿನ ಮುಖವಾಡ ಮಾಡಿಸ್ತಾಳೆ. ರಾತ್ರಿ ಬುತ್ತಿ ಕಟ್ಟಿಕೊಟ್ಟು, ನಿನಗೆ ಒಳ್ಳೇ ಕಾಲ ಬರೋವರೆಗೂ ಇದನ್ನ ತೆಗೀಬೇಡ ಅಂತ ಹೇಳಿ ಕಳಿಸ್ತಾಳೆ. ಆಮೇಲೆ ಆ ತಾಯಿ ವಿಷ ಕುಡಿದು ಸಾಯ್ತಾಳೆ. ಮಗ ಬಂದು ನೋಡಿ, ಹುಚ್ಚು ಹಿಡಿದು ಊರೂರು ಅಲೀತಾನೆ. ಇತ್ತ ಹುಡುಗಿ ಬುತ್ತಿ ತೀರೋವರೆಗೂ ನಡೆದು, ಸಾಹುಕಾರನ ಮನೆ ಸೇರಿ, ಮಣ್ಣಿನ ಮುಖದಲ್ಲೇ ಅಡುಗೆ ಮಾಡ್ತಾ ಬದುಕ್ತಾಳೆ. ಒಂದು ದಿನ ಎಲ್ಲರೂ ತೋಟದ ಊಟಕ್ಕೆ ಹೋದಾಗ ಮುಖವಾಡ ತೆಗೆದಿಟ್ಟು, ಕೂದಲು ಬಿಚ್ಚಿ, ಎಣ್ಣೆ ನೀರು ಹಾಕಿಕೊಳ್ತಾಳೆ. ಸಾಹುಕಾರನ ಕಿರಿ ಮಗ ಅದನ್ನ ಕಾಣ್ತಾನೆ.

ಹುಡುಗಿ: ಅವಳನ್ನೇ ಮದುವೆ ಆಗ್ತೀನಿ ಅಂತಾನೆ. ಮನೆಯವರು ಅಡುಗೆಯವಳನ್ನ ಯಾಕೆ ಅಂದಾಗ, ಅವನು ಉಗುರಲ್ಲಿ ಕೆರೆದು ಆ ಮುಖವಾಡ ಕಿತ್ತು ನೆಲಕ್ಕೆ ಎಸೀತಾನೆ, ಅದು ಒಡೆದುಹೋಗುತ್ತೆ. ಅಲ್ಲೇ ನನಗೆ ತಡೆಯೋದು. ಮೈಗೆ ಅಂಟಿದ ವಸ್ತು, ಅವಳ ಪ್ರಾಣ ಕಾದದ್ದು. ಅದನ್ನ ಅವಳನ್ನ ಕೇಳದೆ ಅವನು ಕೀಳೋದಾ? ನಾನು ಬರೆಯೋ ಹಂಚಿ ತಾನೇ ತೆಗೀತಾಳೆ. ಅವಳ ಮುಖವಾಡ ಮಣ್ಣಿನದ್ದಲ್ಲ, ನೋಡೋರ ಕ್ಯಾಮೆರಾಗೆ ಬೇರೆ ಮುಖ ತೋರಿಸೋ ಒಂದು ತೆಳು ಪರೆ.

ದೊಡ್ಡಮ್ಮ: ಓಹೋ, ಬರೆಯೋಕೆ ಕೂತಿದ್ದೀಯಾ! ಅದನ್ನ ಮೊದಲೇ ಹೇಳಬಾರದಾ? ಬರಿ, ಸಂತೋಷ. ಆದ್ರೆ ಒಂದು ಮಾತು. ಈ ಕಾಲದ ಮನಸ್ಸಿಗೆ ಒಗ್ಗದ್ದನ್ನೆಲ್ಲ ಒಪ್ಪ ಮಾಡ್ತಾ ಹೋದ್ರೆ ಕಥೆ ನಿನ್ನ ಮಾತನ್ನೇ ನಿನಗೆ ತಿರುಗಿ ಹೇಳುತ್ತೆ. ಅವನು ಉಗುರಲ್ಲಿ ಕಿತ್ತ ಅನ್ನೋದು ನಿನಗೆ ಚುಚ್ಚಿತಲ್ಲ? ಚುಚ್ಚಲಿ ಅಂತಲೇ ಹೇಳಿದವಳು ಹಂಗೆ ಇಟ್ಟಿರಬಹುದು.

ಹುಡುಗಿ: ಒಪ್ಪ ಮಾಡಿದ್ದು ನಾವೇ ಮೊದಲಲ್ಲ. ಚೀನಾದಲ್ಲಿ ಒಂಬತ್ತನೇ ಶತಮಾನದಲ್ಲೇ ಯೆ ಶಿಯನ್ ಅನ್ನೋ ಹುಡುಗಿಯ ಕಥೆ ಬರೆದಿಟ್ಟಿದ್ದಾರೆ. ಅಲ್ಲಿ ದೇವತೆ ಬದಲು ಮೀನಿನ ಮೂಳೆ, ಗಾಜಿನ ಬದಲು ಚಿನ್ನದ ಪಾದರಕ್ಷೆ. ಗಾಜಿನ ಚಪ್ಪಲಿ, ಕುಂಬಳಕಾಯಿ ತಂದದ್ದು ಫ್ರಾನ್ಸಿನ ಪೆರೋ, 1697ರಲ್ಲಿ, ಅರಮನೆ ಕಡೆಯವರಿಗೆ ಹಿಡಿಸೋ ಹಾಗೆ. 1812ರ ಗ್ರಿಮ್ ಸೋದರರ ಪುಸ್ತಕದಲ್ಲಿ ಅಕ್ಕಂದಿರು ಚಪ್ಪಲಿಗೆ ಹಿಡಿಸಲಿ ಅಂತ ಬೆರಳು, ಹಿಮ್ಮಡಿ ಕತ್ತರಿಸಿಕೊಳ್ತಾರೆ. ಸಿನಿಮಾದವರು ಆ ರಕ್ತ ಒರೆಸಿದ್ರು. ಮೆಯರ್ ಬರೆದ ಕಳಚೋ ಪಾದದಲ್ಲಿ ಆ ನೋವು ವಾಪಸ್ ಬಂದಿದೆ ಅನ್ಸುತ್ತೆ ನನಗೆ. ನಮ್ಮಲ್ಲೂ ಕುವೆಂಪು ಜರ್ಮನಿಯ ಇಲಿಗಾರನನ್ನ ತಂದು ಕಿಂದರಿಜೋಗಿ ಮಾಡಲಿಲ್ವಾ? ಕಾರ್ನಾಡರ ‘ನಾಗಮಂಡಲ’ ಹುಟ್ಟಿದ್ದೂ ರಾಮಾನುಜನ್ ಹೇಳಿದ ಕಥೆಗಳಿಂದ ತಾನೇ?

ದೊಡ್ಡಮ್ಮ: ತಿದ್ದೋದು ತಪ್ಪು ಅಂತ ನಾನು ಹೇಳಲೇ ಇಲ್ಲ. ನಮ್ಮವ್ವ ಒಂದೇ ಕಥೆಯನ್ನ ನನಗೊಂದು ತರ, ನಿಮ್ಮಮ್ಮನಿಗೊಂದು ತರ ಹೇಳ್ತಿದ್ದಳು. ಪಕ್ಕದ ಮನೆಯವಳದ್ದು ಇನ್ನೊಂದು ತರ. ಒಂದು ಕಥೆಗೆ ಊರಲ್ಲಿ ಹತ್ತು ಮುಖ. ನಿನ್ನ ಪುಸ್ತಕ ಅಚ್ಚಾಗಿ ಲೋಕದ ತುಂಬ ಹೋಗುತ್ತೆ, ಕೆ.ಆರ್. ಪೇಟೆ ಹುಡುಗಿಗೂ ಕೆನಡಾ ಹುಡುಗಿಗೂ ಅದೇ ಸಿಂಡರ್, ಅದೇ ರಕ್ಷಾಪುಟ. ಹತ್ತು ಮುಖ ಹೋಗಿ ಒಂದೇ ಮುಖ ಉಳಿಯುತ್ತಲ್ಲ, ನನಗೆ ಭಯ ಅದರದ್ದು.

ಹುಡುಗಿ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನೊಬ್ಬಳು ಇನ್ನೊಂದು ಮುಖ ಬರೀಬಹುದು, ಅಷ್ಟೇ.

(ಶಾಲೆ ಬಯಲಿನಿಂದ ಮೈಕಿನವನು ಪರೀಕ್ಷೆಗೆ ಒಂದು ರಂಗಗೀತೆ ಹಾಕಿ ನಿಲ್ಲಿಸಿದ. ದೊಡ್ಡಮ್ಮ ಸಿಪ್ಪೆಯನ್ನು ಒಂದು ಕಡೆ ರಾಶಿ ಮಾಡಿದರು.)

ಹುಡುಗಿ: ಇನ್ನೊಂದು ಯೋಚನೆ ಇದೆ. ಮಂಟೇಸ್ವಾಮಿ ಕಾವ್ಯ. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗೋದು, ಅವರು ಒಡ್ಡೋ ಪರೀಕ್ಷೆಗಳು. ಕುಲುಮೆ, ಲೋಹ, ಅದನ್ನ ಬಲ್ಲವರ ಅಹಂಕಾರ. ಇದಕ್ಕಿಂತ ದೊಡ್ಡ ವಿಜ್ಞಾನ ಕಥೆ ಮಂಡ್ಯ ಜಿಲ್ಲೆಯಲ್ಲಿ ಎಲ್ಲಿದೆ? ಅದನ್ನ ಒಂದು ಗ್ರಹಕ್ಕೆ ತಗೊಂಡು ಹೋದ್ರೆ?

ದೊಡ್ಡಮ್ಮ: ಅಲ್ಲಿ ಸ್ವಲ್ಪ ನಿಲ್ಲು. ಅಜ್ಜಿ ಕಥೆ ‘ಒಂದೂರಲ್ಲಿ’ ಅಂತ ಶುರುವಾಗುತ್ತೆ. ಆ ಊರಿಗೆ ಹೆಸರಿಲ್ಲ, ರಾಜನಿಗೂ ಹೆಸರಿಲ್ಲ. ಅದು ಯಾರ ಮನೆಗೆ ಬೇಕಾದ್ರೂ ಹೋಗಬಹುದು, ಚಂದ್ರನಿಗೂ ಹೋಗಲಿ. ಸಿದ್ದಪ್ಪಾಜಿಗೆ ಹೆಸರಿದೆ, ಗದ್ದುಗೆ ಇದೆ, ಒಕ್ಕಲಿದೆ. ನೀಲಗಾರರು ದೀಕ್ಷೆ ತಗೊಂಡು ತಂಬೂರಿ ಹಿಡಿದು ಹಾಡೋದು. ಅದು ಅವರಿಗೆ ಪೂಜೆ. ನೀನು ನಾಯಕನಿಗೆ ಲೇಸರ್ ಕೊಟ್ಟೆ ಅಂದ್ರೆ ಅವರನ್ನ ಕೇಳಿದ್ದೀಯಾ?

ಹುಡುಗಿ: ಕೇಳಿಲ್ಲ. ನಿಜ, ಅದು ಕೇಳಿ ಮಾಡೋ ಕೆಲಸ. ಆದ್ರೆ ಮುಟ್ಟಲೇಬಾರದು ಅಂದ್ರೆ ನಾನು ಒಪ್ಪಲ್ಲ. ಕೆಳಗಿನವರು ಅಂತ ದೂರ ಇಟ್ಟವರ ಕಥೆಯನ್ನ ಗೌರವದ ಹೆಸರಲ್ಲಿ ಮತ್ತೆ ದೂರವೇ ಇಟ್ಟಂಗಾಗುತ್ತೆ.

ದೊಡ್ಡಮ್ಮ: ಮುಟ್ಟೋಕೆ ಮೊದಲು ಕೂತು ಒಂದು ರಾತ್ರಿ ಪೂರ್ತಿ ಕೇಳು. ಆಮೇಲೆ ಮಾತಾಡೋಣ.

ಹುಡುಗಿ: ಸರಿ. ಹಂಚಿಗೇ ಬರ್ತೀನಿ. ಅವಳನ್ನ ಎಲ್ಲಿ ಇಡ್ತೀನಿ ಗೊತ್ತಾ? ಚಂದ್ರಲೋಕದಲ್ಲಿ ಅಲ್ಲ. ಪಾಂಡವಪುರದ ಕಡೆ, ನಾಲೆ ಬಯಲಲ್ಲಿ, ಒಂದು ಆಲೆಮನೆಯಲ್ಲಿ.

ದೊಡ್ಡಮ್ಮ: ಆಲೆಮನೆಯಲ್ಲಿ ಯಾಕೆ?

ಹುಡುಗಿ: 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಒಂದು ಆಲೆಮನೆ ಹೆಸರು ಪೇಪರು, ಟಿವಿ ಎಲ್ಲ ಕಡೆ ಬಂತಲ್ಲ. ಬೆಲ್ಲ ಕಾಯಿಸೋ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೊಟ್ಟೆಯೊಳಗೆ ಇರೋದು ಗಂಡಾ ಹೆಣ್ಣಾ ಅಂತ ಹೇಳ್ತಿದ್ರು. ಮುಂದಿನ ವರ್ಷ ಪಾಂಡವಪುರದಿಂದಲೂ ಭ್ರೂಣಹತ್ಯೆ ಸುದ್ದಿ ಬಂತು. ಲಿಂಗಪತ್ತೆ ಮಾಡಬಾರದು ಅನ್ನೋ ಕಾನೂನು 1994ರಿಂದಲೇ ಇದೆ. ‘ಸಿಂಡರ್’ನಲ್ಲಿ ಚಂದ್ರಲೋಕದ ರಾಣಿ ಒಬ್ಬಳಿದ್ದಾಳೆ. ಎಲ್ಲರ ಕಣ್ಣಿಗೂ ಮಾಯೆ ಕವಿಸಿ ಚೆಲುವೆಯಾಗಿ ಕಾಣ್ತಾಳೆ. ಅವಳಿಗೆ ಕನ್ನಡಿ ಕಂಡ್ರೆ ಆಗಲ್ಲ, ಯಾಕಂದ್ರೆ ಕನ್ನಡಿ ಮಾಯೆಗೆ ಮೋಸ ಹೋಗಲ್ಲ, ಇದ್ದದ್ದು ಇದ್ದ ಹಾಗೆ ತೋರಿಸುತ್ತೆ. ಅದನ್ನ ಓದುವಾಗ ನನಗೆ ಆ ಸ್ಕ್ಯಾನಿಂಗ್ ಪರದೆ ನೆನಪಾಯ್ತು. ಅದೂ ನಿಜವನ್ನೇ ಹೇಳುತ್ತೆ. ಒಳಗೆ ಯಾರಿದ್ದಾರೆ ಅಂತ ಕೇಳಿದವರಿಗೆ ಉತ್ತರ ಕೊಡುತ್ತೆ. ನಿಜ ಹೇಳೋ ಕನ್ನಡಿ ಇಲ್ಲಿ ಹುಡುಗಿಯನ್ನ ಉಳಿಸಲ್ಲ, ಮುಗಿಸುತ್ತೆ. ನನ್ನ ಹಂಚಿಯ ತಾಯಿ ಬಸಿರಲ್ಲೇ ಮಗಳಿಗೆ ಮುಖವಾಡ ಹಾಕಿಸ್ತಾಳೆ, ಆ ಪರದೆ ಮೇಲೆ ಕಾಣದ ಹಾಗೆ.

(ದೊಡ್ಡಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೈ ಮಾತ್ರ ಕಾಯಿ ಬಿಡಿಸುತ್ತಿತ್ತು.)

ದೊಡ್ಡಮ್ಮ: ಇದನ್ನ ನೇರವಾಗಿ ಬರಿ ಕಣೆ. ಕಥೆಯ ಮರೆ ಯಾಕೆ? ಇದು ನಮ್ಮ ಜಿಲ್ಲೆಯಲ್ಲಿ ನಡೆದದ್ದು, ಹೆಸರಿಟ್ಟು ಬರೀಬೇಕಾದದ್ದು.

ಹುಡುಗಿ: ಪೇಪರಿನವರು ಹೆಸರಿಟ್ಟೇ ಬರೆದ್ರು. ನಮ್ಮ ಕ್ಲಾಸಿನಲ್ಲಿ ಒಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಮಾತೆತ್ತಿದ್ರೆ ನಮ್ಮ ನಮ್ಮ ಮನೆ ಬಾಗಿಲಿಗೆ ಬರುತ್ತಲ್ಲ. ಯಾರ ಮನೇಲಿ ಒಬ್ಬನೇ ಮಗ, ಯಾರ ಮನೇಲಿ ಎರಡನೇ ಮಗು ಯಾಕಿಲ್ಲ. ಮೆಷಿನ್ ಕಣ್ಣು ತಪ್ಪಿಸಿ ಹುಟ್ಟಿದ ಒಬ್ಬ ಹುಡುಗಿ ಅಂತ ಕಥೆ ಶುರು ಮಾಡಿದ್ರೆ ಎಲ್ಲರೂ ಕೇಳ್ತಾರೆ. ಕೇಳಿದ ಮೇಲೆ ಮನೆಗೆ ಹೋಗಿ ಯೋಚನೆ ಮಾಡ್ತಾರೆ.

ದೊಡ್ಡಮ್ಮ: ಹ್ಞೂಂ. ನಮ್ಮವ್ವನೂ ಅದನ್ನೇ ಮಾಡ್ತಿದ್ದಳು. ಮನೆಯೊಳಗಿನ ಗಂಡಸಿನಿಂದಲೇ ಭಯ ಇದೆ ಅಂತ ಯಾವ ತಾಯಿ ಬಾಯಿಬಿಟ್ಟು ಹೇಳ್ತಾಳೆ? ಹಂಚಿ ಕಥೆ ಹೇಳ್ತಿದ್ದಳು. ಅಡುಗೆಮನೆಯಲ್ಲಿ, ಗಂಡಸರು ಇಲ್ಲದಾಗ. ಸರಿ, ನಿನ್ನ ಕಥೆಯಲ್ಲಿ ಕೆಟ್ಟವರು ಯಾರು?

ಹುಡುಗಿ: ಆ ಮೆಷಿನ್ ಜಾಲ ನಡೆಸೋ ಒಬ್ಬಳು. ಚಂದ್ರಲೋಕದ ರಾಣಿ ತರಹ. ಕೊನೆಯಲ್ಲಿ ಹಂಚಿ ಅವಳನ್ನ ಬೀಳಿಸ್ತಾಳೆ.

ದೊಡ್ಡಮ್ಮ: ಇಲ್ಲಿ ನಾನು ಬಿಡಲ್ಲ. ಕೇಡನ್ನೆಲ್ಲ ಒಬ್ಬ ರಾಣಿ ತಲೆಗೆ ಕಟ್ಟೋದು ನಿನ್ನ ಪುಸ್ತಕಗಳ ಅಭ್ಯಾಸ. ರಾಣಿ ಬಿದ್ದಳು, ಕಥೆ ಸುಖಾಂತ್ಯ, ಓದಿದವರು ಹಗುರಾದ್ರು. ಆಲೆಮನೆಗೆ ಆ ಹೆಂಗಸನ್ನ ಕರಕೊಂಡು ಹೋದವರು ಯಾರು? ಗಂಡ. ದುಡ್ಡು ಹೊಂದಿಸಿದವರು? ಮಾವ. ‘ಈ ಸಲನಾದ್ರೂ’ ಅಂದವಳು? ಅತ್ತೆ. ಗೊತ್ತಿದ್ದೂ ಸುಮ್ಮನಿದ್ದವರು ನೆರೆಹೊರೆ, ನಾನೂ ಸೇರಿ. ಇದರಲ್ಲಿ ರಾಣಿ ಯಾರು? ಹಂಚಿಯ ಅಣ್ಣನ್ನ ನೋಡು. ಕಿರೀಟ ಇಲ್ಲ, ಅಟ್ಟಹಾಸ ಇಲ್ಲ. ಜೊತೆಗೆ ಉಂಡು ಬೆಳೆದವನು.

ಹುಡುಗಿ: ಮೆಯರ್ ಕಥೆಯೂ ರಾಣಿ ಬೀಳೋದಕ್ಕೇ ನಿಲ್ಲಲ್ಲ ದೊಡ್ಡಮ್ಮ. ಸಿಂಡರ್ ತಾನೇ ಪಟ್ಟಕ್ಕೆ ಬಂದ ಮೇಲೆ ಅರಸೊತ್ತಿಗೆಯನ್ನೇ ಕಳಚೋ ಯೋಚನೆ ಮಾಡ್ತಾಳೆ. ಮದುವೆಯಲ್ಲಿ ಮುಗಿಯೋ ಹಳೇ ಸಿಂಡ್ರೆಲಾಗಿಂತ ಎಷ್ಟೋ ಮೇಲು.

ದೊಡ್ಡಮ್ಮ: ಹಂಚಿಯೂ ಮದುವೆಯಲ್ಲಿ ಮುಗಿಯಲ್ಲ. ನಿಜವಾದ ಕಷ್ಟ ಶುರುವಾಗೋದೇ ಮದುವೆ ಆದ ಮೇಲೆ, ಆ ಮನೆಗೆ ಬರೋ ಗುರುಸ್ವಾಮಿಯ ಕಣ್ಣು ಅವಳ ಮೇಲೆ ಬಿದ್ದಾಗ. ಹೂವಿನ ಮರದ ಹುಡುಗಿಗೂ ಅಷ್ಟೇ. ತಾಳಿ ಬಿದ್ದ ಮೇಲೆ ಏನಾಗುತ್ತೆ ಅನ್ನೋದೇ ನಮ್ಮ ಹೆಂಗಸರು ಹೇಳ್ತಿದ್ದ ಕಥೆ. ಅದಕ್ಕೇ ಹೇಳ್ತೀನಿ, ಆ ಅಣ್ಣನನ್ನ ಬಿಡಬೇಡ. ನೀನು ಅವನನ್ನ ತೆಗೆದೇ ಹಾಕಿದ್ದೀಯ, ಅಲ್ವಾ?

ಹುಡುಗಿ: ಹೂಂ, ತೆಗೆದಿದ್ದೀನಿ. ಹದಿನಾಲ್ಕು ಹದಿನೈದರ ಹುಡುಗೀರು ಓದೋ ಪುಸ್ತಕ ದೊಡ್ಡಮ್ಮ. ಅಂಥ ಅಣ್ಣನನ್ನ ಅವರ ಮುಂದೆ ಹೆಂಗೆ ಇಡಲಿ? ಹೆದರಿಬಿಡ್ತಾರೆ. ಮೆಷಿನ್ ಮೇಲಿನ ಸಿಟ್ಟು ಸಾಕು ಅವರಿಗೆ.

ದೊಡ್ಡಮ್ಮ: ನಮ್ಮವ್ವ ನನಗೆ ಆ ಕಥೆ ಹೇಳಿದಾಗ ನನಗೆ ಅದಕ್ಕಿಂತ ಚಿಕ್ಕ ವಯಸ್ಸು. ಹೆದರಿದ್ದೆ, ಹೌದು. ಯಾರಿಗೆ ಹೆದರಬೇಕು ಅಂತ ತಿಳೀತು, ಮನೇಲಿ ಒಬ್ಬಳು ತಾಯಿ ನನ್ನ ಕಡೆ ಇದ್ದಾಳೆ ಅಂತಲೂ ತಿಳೀತು.

ಹುಡುಗಿ: ಹೇಳುವಾಗ ಅವ್ವ ಪಕ್ಕದಲ್ಲೇ ಇದ್ದಳಲ್ಲ ನಿನಗೆ. ನನ್ನ ಪುಸ್ತಕ ಓದೋ ಹುಡುಗಿ ಹಾಸ್ಟೆಲ್ ಮಂಚದ ಮೇಲೆ ಒಬ್ಬಳೇ ಇರ್ತಾಳೆ. ಅವಳು ಹೆದರಿದ್ರೆ ಪಕ್ಕದಲ್ಲಿ ಯಾರು?

ದೊಡ್ಡಮ್ಮ: ಅದು ನೀನು ಬರೆಯುವಾಗ ಯೋಚಿಸಬೇಕಾದದ್ದು. ತಾಯಿಯನ್ನ ಗಟ್ಟಿಯಾಗಿ ಬರಿ. ಅವಳಿಗೆ ವಿಷ ಕುಡಿಸಬೇಡ, ಬೇಕಾದ್ರೆ ಅದನ್ನ ತಿದ್ದು, ನಾನು ಬೇಡ ಅನ್ನಲ್ಲ. ಅಣ್ಣ ಮಾತ್ರ ಇರಲಿ.

ಹುಡುಗಿ: ತಾಯಿಯನ್ನ ಉಳಿಸ್ತೀನಿ. ಅಣ್ಣನ ವಿಷಯ ನಾನಿನ್ನೂ ಒಪ್ಪಿಲ್ಲ.

ದೊಡ್ಡಮ್ಮ: ಒಪ್ಪಬೇಡ. ಎರಡು ತರವೂ ಬರೆದು ತಾ, ಓದಿ ಹೇಳ್ತೀನಿ. ಈಗ ಏಳು, ಕಾಳು ಒಳಗೆ ಕೊಡು, ಸಾರಿಗೆ ಹೊತ್ತಾಯ್ತು. ಮುಂದಿನ ಸಾಲಲ್ಲಿ ಚಾಪೆ ಹಾಕೋಕೆ ತಮ್ಮನನ್ನ ಕಳಿಸು.